ಒಂದೇ ಜಾಬ್, ಮೂರು ಉತ್ತರ: ಎಂಟು ನಿಮಿಷದ ಸಿಟಿ ಸ್ಕ್ಯಾನ್ ಮಾಡಿಸಿದ ಕತೆ

ಮೊದಲೇ ಹೇಳಿಬಿಡುತ್ತೇನೆ, ಇದು ತಲೆಗೆ ಪೆಟ್ಟು ಬಿದ್ದಾಗ ಡಾಕ್ಟರ್ ಬರೆದುಕೊಡುವ ಸಿಟಿ ಸ್ಕ್ಯಾನ್ ಅಲ್ಲ. ಕಾರ್ಖಾನೆಯ ಜಾಬ್‌ಗಳನ್ನು, ಅಂದರೆ ತಯಾರಾಗುವ ಬಿಡಿಭಾಗಗಳನ್ನು, ಎಕ್ಸ್-ರೇ ಮುಂದೆ ಇಟ್ಟು ತಿರುಗಿಸಿ ಒಳಗಿನ ಅಳತೆ ತೆಗೆಯುವ ಸಿಟಿ. ತುಮಕೂರು ರಸ್ತೆ ಕಡೆ ಇರುವ ಒಂದು ಖಾಸಗಿ ಲ್ಯಾಬ್‌ಗೆ ನಾಲ್ಕು ತಿಂಗಳಲ್ಲಿ ಮೂರು ಸಲ ಹೋಗಿ ಬಂದೆ. ಹೆಸರು ಹಾಕುವುದಿಲ್ಲ. ತಪ್ಪು ಅರ್ಧ ಅವರದು, ಅರ್ಧ ನನ್ನದು, ಅದಕ್ಕೆ. ಆದರೆ ಈ ಕೆಲಸ ಮಾಡಿಸುವವರು ಈಗ ಜಾಸ್ತಿಯಾಗುತ್ತಿದ್ದಾರೆ, ದುಡ್ಡು ಕೊಡುವ ಮೊದಲು ಏನು ಕೇಳಬೇಕು ಅಂತ ನನಗೆ ಯಾರೂ ಹೇಳಿರಲಿಲ್ಲ.

ನಮ್ಮದು ಪೀಣ್ಯ ಎರಡನೇ ಹಂತದಲ್ಲಿ ಸಣ್ಣ ಶಾಪ್. ಕಂಪ್ಯೂಟರ್ ನಡೆಸುವ ಎರಡು ಸಿಎನ್‌ಸಿ ಲೇತ್, ಒಂದು ವಿಎಂಸಿ ಮಿಲ್ಲಿಂಗ್ ಮಷೀನ್, ಎಂಟು ಜನ. ತ್ರೀಡಿ ಪ್ರಿಂಟಿಂಗ್ ನಾವು ಮಾಡುವುದಿಲ್ಲ. ಬೇರೆ ಕಡೆ ಅಲ್ಯೂಮಿನಿಯಂ ಪುಡಿಯನ್ನು ಲೇಸರ್‌ನಿಂದ ಪದರ ಪದರವಾಗಿ ಕರಗಿಸಿ ಪ್ರಿಂಟ್ ಮಾಡಿದ ಜಾಬ್ ನಮಗೆ ಬರುತ್ತದೆ. ನಾವು ಫೇಸಿಂಗ್, ಬೋರಿಂಗ್, ಥ್ರೆಡ್ಡಿಂಗ್ ಮಾಡಿ ಕಳಿಸುತ್ತೇವೆ. ಹೊರಗಿನ ಮೇಲ್ಮೈ ನಮ್ಮ ಜವಾಬ್ದಾರಿ, ಒಳಗಿನದು ಪ್ರಿಂಟ್ ಮಾಡಿದವರದು. ಇಷ್ಟು ದಿನ ಹಾಗೇ ನಡೆದಿತ್ತು.

ಈ ಸಲ ಗಿರಾಕಿಯ ಡ್ರಾಯಿಂಗ್‌ನಲ್ಲಿ ಹೊಸದೊಂದು ಸಾಲು ಸೇರಿತ್ತು. ಒಳಗಿನ ಎಣ್ಣೆ ಹರಿಯುವ ಚಾನೆಲ್‌ನ ಗೋಡೆ 15 ಮೈಕ್ರಾನ್‌ಗಿಂತ (ಮೈಕ್ರಾನ್ ಅಂದರೆ ಮಿಮೀಯ ಸಾವಿರದ ಒಂದು ಭಾಗ) ಒರಟಾಗಿರಬಾರದು, ಅದರ ರಿಪೋರ್ಟ್ ಜಾಬ್ ಜೊತೆಗೇ ಬರಬೇಕು. ಜಾಬ್ ಎಷ್ಟು ದೊಡ್ಡದು? 30 ಮಿಮೀ ವ್ಯಾಸ, 28 ಮಿಮೀ ಎತ್ತರ, ಮುಷ್ಟಿಯಲ್ಲಿ ಮುಚ್ಚಿಹೋಗುತ್ತದೆ. ಚಾನೆಲ್ 5 ಮಿಮೀ. ಅದೂ ನೇರ ಇಲ್ಲ, 20 ಮಿಮೀ ಹೋಗಿ ತಿರುಗುತ್ತದೆ. ನಮ್ಮ ಹತ್ತಿರ ಇರುವ ಸರ್ಫೇಸ್ ಟೆಸ್ಟರ್‌ನ ಸೂಜಿ ಒಳಗೆ ಹೋಗುವ ಮಾತೇ ಇಲ್ಲ. ಅಳೆಯಬೇಕಾದರೆ ವೈರ್ ಕಟ್ ಮಷೀನ್‌ನಲ್ಲಿ ಸೀಳಬೇಕು, ಸೀಳಿದ ಮೇಲೆ ಗಿರಾಕಿಗೆ ಏನು ಕೊಡುವುದು?

ಅದಕ್ಕೇ ಸಿಟಿ. ಫೋನ್ ಮಾಡಿದೆ. ಎರಡು ರೇಟ್ ಹೇಳಿದರು. ಫುಲ್ ಸ್ಕ್ಯಾನ್ 16,000, ಫಾಸ್ಟ್ ಸ್ಕ್ಯಾನ್ 7,000, ಎರಡಕ್ಕೂ ಜಿಎಸ್‌ಟಿ ಬೇರೆ. "ಏನು ವ್ಯತ್ಯಾಸ ಸಾರ್?" ಅಂದೆ. "ಟೈಮ್ ಅಷ್ಟೇ ಸಾರ್. ಅದು ಎರಡೂವರೆ, ಮೂರು ಗಂಟೆ, ಇದು ಎಂಟು ನಿಮಿಷ. ಮಷೀನ್ ಅದೇ." ಮಷೀನ್ ಅದೇ ಅಂದಮೇಲೆ ಯಾರು ತಾನೇ 16,000 ಕೊಡುತ್ತಾರೆ? ನನ್ನ ಅರ್ಧ ತಪ್ಪು ಇದೇ.

ಜಾಗದ ಬಗ್ಗೆ ಎರಡು ಮಾತು. ಒಳ್ಳೆಯದಾಗಿದೆ, ಎಸಿ ಇದೆ, ಧೂಳಿಲ್ಲ. ಮಷೀನ್ ಅಂದರೆ ಒಂದು ಸಣ್ಣ ಕೋಣೆಯಷ್ಟಿರುವ ಸೀಸದ ಪೆಟ್ಟಿಗೆ. ಒಂದು ಕಡೆ ಎಕ್ಸ್-ರೇ ಟ್ಯೂಬ್, ಇನ್ನೊಂದು ಕಡೆ ಚಪ್ಪಟೆ ಡಿಟೆಕ್ಟರ್, ನಡುವೆ ಜಾಬ್ ನಿಲ್ಲಿಸುವ ತಿರುಗು ಮೇಜು. ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಎಕ್ಸ್-ರೇ ಶುರುವಾಗುವುದೇ ಇಲ್ಲ. ಆಪರೇಟರ್ ಹುಡುಗನ ಎದೆ ಮೇಲೆ ವಿಕಿರಣ ಅಳೆಯುವ ಬ್ಯಾಡ್ಜ್ ಇತ್ತು, ಗೋಡೆ ಮೇಲೆ ಎಇಆರ್‌ಬಿ (ಅಣುಶಕ್ತಿ ನಿಯಂತ್ರಣ ಮಂಡಳಿ) ಪತ್ರ ಇತ್ತು. ಇವೆರಡನ್ನೂ ನೋಡಿಕೊಳ್ಳಿ, ಕೇಳಲು ಸಂಕೋಚ ಬೇಡ.

ಮೊದಲ ರಿಪೋರ್ಟ್ ಮಾರನೇ ದಿನ ಬಂತು. ನಲವತ್ತು ಪುಟ, ಬಣ್ಣ ಬಣ್ಣದ ಚಿತ್ರ, ಚಾನೆಲ್ ಒಳಗೆ ಹಾರಿಕೊಂಡು ಹೋದ ಹಾಗೆ ಒಂದು ವಿಡಿಯೋ. ಕೊನೆಗೆ ಒಂದು ನಂಬರ್: 18. ಅಂದರೆ ಫೇಲ್. ಎದೆ ಧಸಕ್ಕೆಂದಿತು. ಇಡೀ ಲಾಟ್ ಪ್ರಿಂಟ್ ಆಗಿ ನಮ್ಮ ಶಾಪ್‌ನಲ್ಲಿ ಕೂತಿತ್ತು.

ಫೋನ್ ಮಾಡಿ ಗೋಳು ತೋಡಿಕೊಂಡೆ. ಆ ಕಡೆಯಿಂದ ತಣ್ಣಗೆ ಉತ್ತರ: "ಸ್ವಲ್ಪ ನಾಯ್ಸ್ ಇದೆ ಸಾರ್, ಫಿಲ್ಟರ್ ಹಾಕಿ ಕಳಿಸ್ತೀನಿ." ಒಂದು ಗಂಟೆಯಲ್ಲಿ ಹೊಸ ರಿಪೋರ್ಟ್. ಅದೇ ನಲವತ್ತು ಪುಟ. ನಂಬರ್ 8.

ಜಾಬ್ ಅದೇ, ಸ್ಕ್ಯಾನ್ ಅದೇ, ಮತ್ತೆ ಮಷೀನ್ ಒಳಗೆ ಇಟ್ಟೇ ಇಲ್ಲ. ಬೆಳಿಗ್ಗೆ 18, ಮಧ್ಯಾಹ್ನ 8. ನಿಜ ಹೇಳಬೇಕೆಂದರೆ ಆ 8ನ್ನು ಗಿರಾಕಿಗೆ ಕಳಿಸಿ ಸುಮ್ಮನಾಗಿಬಿಡೋಣ ಅನ್ನಿಸಿತ್ತು. ತಡೆದದ್ದು ನಮ್ಮ ಹಳೇ ಸೂಪರ್‌ವೈಸರ್. ಮೂವತ್ತು ವರ್ಷ ಬೋರ್ ಅಳೆದ ಕೈ. ರಿಪೋರ್ಟ್ ನೋಡಿ ಕೇಳಿದರು, "ಚಾನೆಲ್ ಮೇಲ್ಗಡೆ ಗೋಡೆ, ಕೆಳಗಡೆ ಗೋಡೆ ಎರಡೂ ಒಂದೇ ಥರ ಹೆಂಗಿರುತ್ತೆ?" ಸರಿ ಅಲ್ವಾ? ಅಡ್ಡ ಚಾನೆಲ್ ಪ್ರಿಂಟ್ ಆಗುವಾಗ ಅದರ ಸೂರಿನ ಕೆಳಗೆ ಗಟ್ಟಿ ಲೋಹ ಇರುವುದಿಲ್ಲ, ಬರೀ ಪುಡಿ ಇರುತ್ತದೆ. ಕರಗಿದ ಲೋಹ ಪುಡಿಯೊಳಕ್ಕೆ ಇಳಿಯುತ್ತದೆ, ಅರೆಬೆಂದ ಕಾಳುಗಳು ಅಂಟಿಕೊಳ್ಳುತ್ತವೆ. ಸೂರು ಯಾವಾಗಲೂ ನೆಲಕ್ಕಿಂತ ಒರಟು. ಪ್ರಿಂಟಿಂಗ್ ಮಾಡುವ ಯಾರನ್ನು ಕೇಳಿದರೂ ಹೇಳುತ್ತಾರೆ. ಮೊದಲ ರಿಪೋರ್ಟ್‌ನಲ್ಲಿ ಸೂರು 19, ನೆಲ 17. ಎರಡನೆಯದರಲ್ಲಿ ಎರಡೂ 8ರ ಆಸುಪಾಸು. ಎರಡರಲ್ಲಿ ಯಾವುದನ್ನೂ ನಂಬುವ ಹಾಗಿಲ್ಲ.

ಎರಡನೇ ಸಲ ಜಗಳಕ್ಕೇ ಹೋದೆ. ಆದರೆ ಅವತ್ತು ಅಲ್ಲಿ ಒಬ್ಬ ಮೇಡಂ ಇದ್ದರು, ಅಪ್ಲಿಕೇಶನ್ ಇಂಜಿನಿಯರ್. ಜಗಳ ಆಗಲಿಲ್ಲ, ಒಂದೂವರೆ ಗಂಟೆ ಪಾಠ ಆಯಿತು. ಈ ರಿವ್ಯೂನಲ್ಲಿ ಅವರಿಗೆ ಪೂರ್ತಿ ಅಂಕ. ಸೇಲ್ಸ್‌ನವರು ಫೋನನ್ನು ಮೊದಲೇ ಇವರಿಗೆ ಕೊಟ್ಟಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ.

ಅವರು ಹೇಳಿದ್ದು ಹೀಗೆ. ಅವರ ಡಿಟೆಕ್ಟರ್‌ನಲ್ಲಿ ಅಡ್ಡಕ್ಕೆ 2,000 ಪಿಕ್ಸೆಲ್, ಒಂದೊಂದೂ 200 ಮೈಕ್ರಾನ್. ಜಾಬನ್ನು ಟ್ಯೂಬ್‌ಗೆ ಹತ್ತಿರ ಇಟ್ಟು ನೆರಳನ್ನು ಹತ್ತು ಪಟ್ಟು ದೊಡ್ಡದು ಮಾಡಿದರೆ ಜಾಬ್ ಮೇಲೆ ಒಂದು ಪಿಕ್ಸೆಲ್ 20 ಮೈಕ್ರಾನ್ ಆಗುತ್ತದೆ. ಮೂರು ದಿಕ್ಕಲ್ಲೂ 20 ಮೈಕ್ರಾನಿನ ಆ ಸಣ್ಣ ಘನಕ್ಕೆ ವಾಕ್ಸೆಲ್ ಅಂತ ಹೆಸರು. 20ರ ಘನ ಇಟ್ಟುಕೊಂಡು 15 ಮೈಕ್ರಾನ್ ಒರಟುತನ ಹೇಗೆ ಅಳೆಯುತ್ತೀರಿ ಅಂತ ಕೇಳಿದೆ. ಲೋಹ ಎಲ್ಲಿ ಮುಗಿದು ಗಾಳಿ ಎಲ್ಲಿ ಶುರುವಾಗುತ್ತದೆ ಅನ್ನುವುದನ್ನು ಬೂದು ಬಣ್ಣ ಏರಿಳಿಯುವ ರೀತಿ ನೋಡಿ ಲೆಕ್ಕ ಹಾಕುತ್ತಾರಂತೆ. ಸ್ಕ್ಯಾನ್ ಚೊಕ್ಕಟವಾಗಿದ್ದರೆ ವಾಕ್ಸೆಲ್‌ನ ಹತ್ತನೇ ಒಂದು ಭಾಗದವರೆಗೂ ಗೆರೆ ಹಿಡಿಯಬಹುದು. ಸ್ಕ್ಯಾನ್ ಚೊಕ್ಕಟವಾಗಿದ್ದರೆ ಅನ್ನುವುದನ್ನು ಅವರು ಎರಡು ಸಲ ಹೇಳಿದರು.

ಈಗ ಟೈಮ್ ಎಲ್ಲಿ ಹೋಗುತ್ತದೆ ನೋಡಿ. ಜಾಬನ್ನು ಒಂದು ಸುತ್ತು ತಿರುಗಿಸುತ್ತ ಎಕ್ಸ್-ರೇ ಫೋಟೋ ತೆಗೆಯಬೇಕು. ಎಷ್ಟು ಫೋಟೋ? ಹಳೇ ನಿಯಮ ಒಂದಿದೆ, ಡಿಟೆಕ್ಟರ್ ಅಗಲದ ಪಿಕ್ಸೆಲ್ ಲೆಕ್ಕದ ಒಂದೂವರೆ ಪಟ್ಟು, ಸರಿಯಾಗಿ ಹೇಳಬೇಕೆಂದರೆ ಪೈ ಭಾಗ ಎರಡು. 2,000ಕ್ಕೆ ಸುಮಾರು 3,140 ಬರುತ್ತದೆ, ಇವರು 3,200 ತೆಗೆಯುತ್ತಾರೆ. ಪ್ರತಿ ನಿಲುಗಡೆಯಲ್ಲೂ ಮೇಜು ನಿಲ್ಲಬೇಕು, ಅಲುಗಾಟ ತಣಿಯಲು ಒಂದು ಫೋಟೋ ಎಸೆಯಬೇಕು, ಮುಂದಿನ ಎರಡನ್ನು ಸೇರಿಸಿ ಸರಾಸರಿ ಮಾಡಬೇಕು. ಒಂದೊಂದಕ್ಕೂ ಒಂದು ಸೆಕೆಂಡ್ ಅಂದರೆ ಮೂರು ಸೆಕೆಂಡ್. ಗುಣಿಸಿದರೆ 9,600 ಸೆಕೆಂಡ್, 2 ಗಂಟೆ 40 ನಿಮಿಷ.

ಫಾಸ್ಟ್ ಸ್ಕ್ಯಾನ್‌ನಲ್ಲಿ ನನಗೆ ಕೊಟ್ಟಿದ್ದು ಎಷ್ಟು ಗೊತ್ತಾ? 900 ಫೋಟೋ, ತಲಾ ಅರ್ಧ ಸೆಕೆಂಡ್, ಮೇಜು ನಿಲ್ಲದೇ ತಿರುಗುತ್ತಲೇ ಇರುತ್ತದೆ. 450 ಸೆಕೆಂಡ್, ಏಳೂವರೆ ನಿಮಿಷ. ಟೈಮ್ ಅಷ್ಟೇ ಸಾರ್!

ಬೆಳಕಿನ ಲೆಕ್ಕ ಮಾಡಿ. ಫುಲ್‌ನಲ್ಲಿ ಉಪಯೋಗಕ್ಕೆ ಬಂದ ಎಕ್ಸ್-ರೇ 6,400 ಸೆಕೆಂಡಿನದು, ಫಾಸ್ಟ್‌ನಲ್ಲಿ 450ರದು. ಹದಿನಾಲ್ಕು ಪಟ್ಟು ಕಡಿಮೆ. ಕತ್ತಲಲ್ಲಿ ಮೊಬೈಲ್‌ನಲ್ಲಿ ತೆಗೆದ ಫೋಟೋದಲ್ಲಿ ಮರಳು ಮರಳು ಕಾಣುತ್ತದಲ್ಲ, ಅದೇ ನಾಯ್ಸ್ ಇಲ್ಲಿ ವರ್ಗಮೂಲದ ಲೆಕ್ಕದಲ್ಲಿ ಏರುತ್ತದೆ, ಸುಮಾರು ನಾಲ್ಕು ಪಟ್ಟು. ಉದ್ದ ಅಗಲ ಅಳೆಯುವುದಾದರೆ ಪರವಾಗಿಲ್ಲ, ಸಾವಿರಾರು ಬಿಂದುಗಳ ಸರಾಸರಿಯಲ್ಲಿ ಆ ಮರಳು ಅಳಿಸಿಹೋಗುತ್ತದೆ. ಆದರೆ ಒರಟುತನ ಅಂದರೇನು? ಮೇಲ್ಮೈ ಬಿಂದುಗಳು ಸರಾಸರಿಯಿಂದ ಎಷ್ಟು ಆಚೀಚೆ ಇವೆ ಅನ್ನುವುದೇ ಒರಟುತನ. ಚಿತ್ರದ ಮರಳು ಕೂಡ ಆಚೀಚೆಯೇ. ಲೋಹದ ಒರಟು ಯಾವುದು, ಚಿತ್ರದ ಒರಟು ಯಾವುದು ಅಂತ ಸಾಫ್ಟ್‌ವೇರ್‌ಗೆ ಗೊತ್ತಾಗುವುದಿಲ್ಲ, ಎರಡನ್ನೂ ಸೇರಿಸಿ 18 ಅಂತ ಬರೆಯಿತು. ಸೂರು, ನೆಲ ಎರಡರ ಮೇಲೂ ಒಂದೇ ಮರಳು ಸುರಿದಿದ್ದರಿಂದ ವ್ಯತ್ಯಾಸ ಮುಚ್ಚಿಹೋಯಿತು. ಆಮೇಲೆ ಫಿಲ್ಟರ್ ಹಾಕಿದಾಗ ಅದು ಮರಳನ್ನಷ್ಟೇ ಉಜ್ಜಲಿಲ್ಲ, ಲೋಹದ ಉಬ್ಬುತಗ್ಗನ್ನೂ ಉಜ್ಜಿಬಿಟ್ಟಿತು. ಅದಕ್ಕೇ 8. ಫಿಲ್ಟರನ್ನು ಸ್ವಲ್ಪ ಕಮ್ಮಿ ಹಾಕಿದ್ದರೆ 12 ಕೂಡ ಬರುತ್ತಿತ್ತು (ನಿಜವಾದ ಒರಟುತನ ಅದರ ಹತ್ತಿರವೇ ಅಂತ ಆಮೇಲೆ ಗೊತ್ತಾಯಿತು), ಎರಡು ತಪ್ಪು ಒಂದನ್ನೊಂದು ಹೊಡೆದು ಸರಿ ಉತ್ತರ. ಅದನ್ನು ಕೇಳಿ ನನಗೆ ನಿಜಕ್ಕೂ ಭಯವಾಯಿತು.

ಹಾಗಾದರೆ ಟ್ಯೂಬ್‌ನ ಪವರ್ ಏರಿಸಿ, ಬೆಳಕು ಜಾಸ್ತಿ ಬರುತ್ತದೆ, ಬೇಗ ಮುಗಿಯುತ್ತದೆ ಅಂದೆ. ನಮ್ಮ ಲೇತ್ ಬುದ್ಧಿ, ಫೀಡ್ ಏರಿಸಿದರೆ ಆಯಿತು. ಅದಕ್ಕೂ ಮಿತಿ ಇದೆಯಂತೆ. ಟ್ಯೂಬ್ ಒಳಗೆ ಎಲೆಕ್ಟ್ರಾನ್‌ಗಳು ಬಡಿದು ಎಕ್ಸ್-ರೇ ಹುಟ್ಟುವ ಚುಕ್ಕೆ ಸಣ್ಣದಾಗಿದ್ದಷ್ಟೂ ನೆರಳು ಚೂಪು. ಪವರ್ ಏರಿಸಿದರೆ ಆ ಚುಕ್ಕೆ ಕರಗಿ ತೂತು ಬೀಳದಿರಲಿ ಅಂತ ಅದನ್ನು ಹಿಗ್ಗಿಸಬೇಕು, ಅಂದಾಜು ಒಂದು ವ್ಯಾಟ್‌ಗೆ ಒಂದು ಮೈಕ್ರಾನ್. 20 ವ್ಯಾಟ್ ಆದರೆ ನಮ್ಮ ವಾಕ್ಸೆಲ್‌ಗೆ ಸರಿಹೋಗುತ್ತದೆ. 60 ವ್ಯಾಟ್ ಕೊಟ್ಟರೆ ಚುಕ್ಕೆ 60 ಮೈಕ್ರಾನ್, ಅಂಚು ಮೂರು ವಾಕ್ಸೆಲ್‌ನಷ್ಟು ಮಬ್ಬು.

ನಿಲ್ಲದೇ ತಿರುಗಿಸುವುದರ ಕತೆ ಇನ್ನೂ ಚೆನ್ನಾಗಿದೆ. 900 ಫೋಟೋ ಅಂದರೆ ಒಂದೊಂದು ಫೋಟೋ ತೆಗೆಯುವಷ್ಟರಲ್ಲಿ ಜಾಬ್ 0.4 ಡಿಗ್ರಿ ಜರುಗಿರುತ್ತದೆ. ರಾಗಿ ಬೀಸುವ ಕಲ್ಲನ್ನು ನೆನಪಿಸಿಕೊಳ್ಳಿ. ಗೂಟದ ಹತ್ತಿರ ಕಲ್ಲು ಅಲ್ಲೇ ಇರುತ್ತದೆ, ಅಂಚು ಮಾತ್ರ ಓಡುತ್ತದೆ. ನಮ್ಮ ಜಾಬ್‌ನ ಅಂಚು 15 ಮಿಮೀ ದೂರ, ಅಲ್ಲಿ 0.4 ಡಿಗ್ರಿ ಅಂದರೆ 105 ಮೈಕ್ರಾನ್, ಐದು ವಾಕ್ಸೆಲ್. ಚಾನೆಲ್ ಇರುವುದು ನಡುಬಿಂದುವಿನಿಂದ 8 ಮಿಮೀ ಒಳಗೆ, ಅಲ್ಲಿಯೂ ಮೂರು ವಾಕ್ಸೆಲ್‌ನಷ್ಟು ಎಳೆದುಹೋಗಿರುತ್ತದೆ. ಓಡುವ ಬಸ್ಸಿನಿಂದ ಫೋಟೋ ತೆಗೆದ ಹಾಗೆ.

ಇದನ್ನೆಲ್ಲ ಕೇಳಿ, ಫಾಸ್ಟ್ ಅನ್ನುವುದೇ ಮೋಸ ಅಂದುಬಿಟ್ಟೆ. ಮೇಡಂ ಒಪ್ಪಲಿಲ್ಲ. ಈ ಇಡೀ ವಿದ್ಯೆ ಬೆಳೆದಿರುವುದೇ ಟೈಮ್ ಕಡಿಮೆ ಮಾಡುತ್ತ ಅಂದರು. ಸಿಟಿ ಕಂಡುಹಿಡಿದ ಇಂಗ್ಲೆಂಡಿನ ಹೌನ್ಸ್‌ಫೀಲ್ಡ್ ಮೊದಲು ಲ್ಯಾಬ್‌ನಲ್ಲಿ ಪ್ರಯೋಗ ಮಾಡಿದಾಗ ಒಂದು ಸ್ಕ್ಯಾನ್‌ಗೆ 9 ದಿನ ಹಿಡಿದಿತ್ತು. ಕಾರಣ ಇದೇ, ಬಳಸಿದ ಗಾಮಾ ಮೂಲದಲ್ಲಿ ಶಕ್ತಿ ಸಾಲದು. ಎಕ್ಸ್-ರೇ ಟ್ಯೂಬ್ ಹಾಕಿದ ಮೇಲೆ 9 ಗಂಟೆಗೆ ಇಳಿಯಿತು. 1971ರಲ್ಲಿ ಲಂಡನ್‌ನಲ್ಲಿ ಮೊದಲ ರೋಗಿಯ ಸ್ಕ್ಯಾನ್ ಆಯಿತು, 1979ರಲ್ಲಿ ನೊಬೆಲ್ ಬಂತು. ನಮ್ಮ ಥರದ ಮಷೀನ್‌ಗಳಲ್ಲಿ ಇವತ್ತಿಗೂ ನಡೆಯುವ ಲೆಕ್ಕ ಬಂದದ್ದು ಆಸ್ಪತ್ರೆಯಿಂದಲ್ಲ, ಕಾರ್ ಕಂಪನಿಯಿಂದ. 1984ರಲ್ಲಿ ಫೋರ್ಡ್‌ನ ಫೆಲ್ಡ್‌ಕ್ಯಾಂಪ್, ಡೇವಿಸ್, ಕ್ರೆಸ್ ಅನ್ನುವ ಮೂವರು ಬರೆದದ್ದು. ಚಪ್ಪಟೆ ಡಿಟೆಕ್ಟರ್ ಮೇಲೆ ಬೀಳುವ ಶಂಕುವಿನ ಆಕಾರದ ಕಿರಣದಿಂದ, ಒಂದೇ ಸುತ್ತಿನಲ್ಲಿ, ಇಡೀ ಜಾಬ್‌ನ ಚಿತ್ರ ಕಟ್ಟುವ ಲೆಕ್ಕ. ಅದಕ್ಕೆ ಮೊದಲು ಬ್ರೆಡ್ ಹೋಳಿನ ಹಾಗೆ ಒಂದೊಂದೇ ಹೋಳು ಸ್ಕ್ಯಾನ್ ಮಾಡಬೇಕಿತ್ತು.

ಇನ್ನೊಂದು ಮಾತು ನನಗೆ ಹೊಳೆದೇ ಇರಲಿಲ್ಲ. ತೀರಾ ನಿಧಾನ ಸ್ಕ್ಯಾನ್ ಕೂಡ ಕೆಡುತ್ತದೆ. ಮೂರು ಗಂಟೆಯಲ್ಲಿ ಟ್ಯೂಬ್ ಬಿಸಿಯಾಗಿ ಚುಕ್ಕೆ ಕೆಲವು ಮೈಕ್ರಾನ್ ಸರಿಯಬಹುದು, ಜಾಬ್ ಕೂರಿಸಿದ ಫೋಮ್ ಸ್ವಲ್ಪ ಕುಸಿಯಬಹುದು. ನಮ್ಮ ಶಾಪ್‌ನಲ್ಲಿ ಬೆಳಿಗ್ಗೆ ಸ್ಪಿಂಡಲ್ ಬಿಸಿಯಾಗುವವರೆಗೆ ಮೊದಲ ಎರಡು ಜಾಬ್ ಸೈಜ್ ತಪ್ಪುತ್ತವಲ್ಲ, ಹಾಗೆ.

ಕೊನೆಗೆ ಅವರೇ ಒಂದು ದಾರಿ ಹೇಳಿದರು. ಅದೇ ಜಾಬನ್ನು ಮೂರು ಥರ ಸ್ಕ್ಯಾನ್ ಮಾಡೋಣ, ಆಮೇಲೆ ನೀವು ಸೀಳಿ ಸೂಜಿಯಲ್ಲಿ ಅಳೆಯಿರಿ, ನೋಡೇಬಿಡೋಣ. ಎರಡು ಸ್ಕ್ಯಾನ್‌ಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಒಂದು ಜಾಬ್ ಹೋದರೆ ಹೋಗಲಿ ಅಂತ ಒಪ್ಪಿದೆ.

ಫುಲ್ ಸ್ಕ್ಯಾನ್: ಸೂರು 14, ನೆಲ 9, ಒಟ್ಟಾರೆ 12ರ ಹತ್ತಿರ. ಸೂಜಿ: ಸೂರು 13.5, ನೆಲ 8.8. ಸೂಜಿ ಒಂದು ಗೆರೆಯ ಮೇಲೆ ಅಳೆಯುತ್ತದೆ, ಸಿಟಿ ಇಡೀ ಮೇಲ್ಮೈಯನ್ನು ಅಳೆಯುತ್ತದೆ. ಎರಡೂ ತದ್ರೂಪ ಒಂದೇ ಬರಬೇಕು ಅಂತ ಹಟ ಹಿಡಿಯಬೇಡಿ, ಆದರೆ ಎರಡೂ ಕಡೆ ಕಟ್-ಆಫ್, ಅಂದರೆ ಒರಟುತನ ಲೆಕ್ಕ ಹಾಕಲು ಗೆರೆಯನ್ನು ಭಾಗ ಮಾಡಿಕೊಳ್ಳುವ ತುಂಡಿನ ಉದ್ದ, ಒಂದೇ ಇರಲಿ. 10 ಮೈಕ್ರಾನ್ ದಾಟಿದ ಮೇಲ್ಮೈಗೆ ಪುಸ್ತಕದ ಪ್ರಕಾರ 8 ಮಿಮೀ ಕಟ್-ಆಫ್, ಸೂಜಿಗೆ 40 ಮಿಮೀ ಓಟ ಬೇಕು. ನಮ್ಮ ಚಾನೆಲ್ ನೇರ ಇರುವುದೇ 20 ಮಿಮೀ. ಅದಕ್ಕೆ ಎರಡಕ್ಕೂ 2.5 ಮಿಮೀ ಇಟ್ಟು ರಿಪೋರ್ಟ್‌ನಲ್ಲಿ ಬರೆದುಕೊಂಡೆವು. ಗಿರಾಕಿ ಒಪ್ಪಿದ.

ನಡುವಿನ ಸ್ಕ್ಯಾನೇ ನನಗೆ ಬೇಕಾದ ಸರಕು. 1,600 ಫೋಟೋ, ಮೇಜು ನಿಂತು ನಿಂತು, ಒಂದು ಎಸೆದು ಒಂದು ಇಟ್ಟುಕೊಂಡು. 3,200 ಸೆಕೆಂಡ್, ಒಂದು ಗಂಟೆಗಿಂತ ಕಡಿಮೆ. ಅರ್ಧದಷ್ಟು ಫೋಟೋ ಸಾಕಾದದ್ದು ಹೇಗೆ? ಮತ್ತೆ ಬೀಸುವ ಕಲ್ಲು. ಆ 3,200ರ ನಿಯಮ ಡಿಟೆಕ್ಟರ್‌ನ ತುದಿಯವರೆಗೂ ಚೊಕ್ಕಟ ಬೇಕು ಅನ್ನುವವರಿಗೆ. ನಮಗೆ ಬೇಕಾದ ಚಾನೆಲ್ ಗೂಟದ ಹತ್ತಿರ, 8 ಮಿಮೀ ಒಳಗೆ ಇದೆ. ಅಲ್ಲಿ 1,600 ಫೋಟೋಗಳ ನಡುವಿನ ಅಂತರ ಒಂದೂವರೆ ವಾಕ್ಸೆಲ್ ಅಷ್ಟೇ. ಉಳಿದ ನಾಯ್ಸ್ ತಗ್ಗಿಸಲು ಚಿತ್ರ ಕಟ್ಟುವ ಲೆಕ್ಕವನ್ನೇ ಬದಲಿಸಿದರು. ಒಂದೇ ಏಟಿಗೆ ಕಟ್ಟುವ ಬದಲು, ಕಟ್ಟಿದ ಚಿತ್ರದಿಂದ ಮತ್ತೆ ಎಕ್ಸ್-ರೇ ನೆರಳು ಲೆಕ್ಕ ಹಾಕಿ, ನಿಜವಾದ ಫೋಟೋ ಜೊತೆ ಹೋಲಿಸಿ, ತಿದ್ದಿ, ಮತ್ತೆ ಹೋಲಿಸಿ, ಹೀಗೆ ಸುತ್ತು ಸುತ್ತು. ಇದಕ್ಕೆ ಕಂಪ್ಯೂಟರ್ ಜಾಸ್ತಿ ಹೊತ್ತು ಓಡುತ್ತದೆ, ಆದರೆ ಅಷ್ಟರಲ್ಲಿ ಮಷೀನ್‌ನಲ್ಲಿ ಬೇರೆಯವರ ಜಾಬ್ ಕೂರಿಸಬಹುದು. ಬಂದ ಉತ್ತರ: ಸೂರು 14.4, ನೆಲ 9.5. ಬೆಲೆ 10,000ಕ್ಕೆ ಮಾತಾಯಿತು. ಈಗ ಪ್ರತಿ ಲಾಟ್‌ಗೂ ಅದೇ.

ಎಐ ಹಾಕಿ ನಾಯ್ಸ್ ತೆಗೆಯುವ ಸಾಫ್ಟ್‌ವೇರ್ ಕೂಡ ಅವರ ಹತ್ತಿರ ಇದೆ. ಡೆಮೋ ನೋಡಿದೆ, ಚಿತ್ರ ಬೆಣ್ಣೆಯ ಹಾಗೆ ಬರುತ್ತದೆ. ಗಾಳಿಗುಳ್ಳೆ, ಬಿರುಕು ಹುಡುಕುವವರಿಗೆ ಉಪಯೋಗ ಇರಬಹುದು. ಒರಟುತನ ಅಳೆಯಲು ಹೊರಟವನಿಗೆ ಬೆಣ್ಣೆ ಯಾಕೆ? ಸೀಳಿ ಅಳೆದ ನಂಬರ್ ಜೊತೆ ಹೊಂದಿಸಿ ತೋರಿಸುವವರೆಗೂ ನಾನಂತೂ ಬೇಡ ಅಂದಿದ್ದೇನೆ.

ದೂರು ಏನು ಅಂದರೆ, ಆ ನಲವತ್ತು ಪುಟದಲ್ಲಿ ಎಷ್ಟು ಫೋಟೋ, ಎಷ್ಟು ಸೆಕೆಂಡ್, ವಾಕ್ಸೆಲ್ ಎಷ್ಟು, ಯಾವ ಫಿಲ್ಟರ್ ಅನ್ನುವ ನಾಲ್ಕು ಸಾಲು ಇರಲಿಲ್ಲ. ಮದುವೆ ಆಲ್ಬಂ ಥರ ಚಿತ್ರಗಳೇ. ಕೇಳಿದ ಮೇಲೆ ಈಗ ಮೊದಲ ಪುಟದಲ್ಲೇ ಹಾಕುತ್ತಾರೆ. ಆದರೆ ಫೋನ್ ಎತ್ತುವ ಸೇಲ್ಸ್‌ನವರು ಇವತ್ತಿಗೂ "ಟೈಮ್ ಅಷ್ಟೇ ಸಾರ್" ಅಂತಲೇ ಹೇಳುತ್ತಾರೆ, ಹೋದ ವಾರ ಪಕ್ಕದ ಶಾಪ್‌ನವರಿಗೂ ಅದೇ ಹೇಳಿದರಂತೆ. ಅವರಿಗೆ ಬೇಕಿದ್ದದ್ದು ಎರಡು ಬೋರ್‌ಗಳ ನಡುವಿನ ಅಂತರ, ಅದೂ 0.1 ಮಿಮೀ ಒಳಗೆ ಇದ್ದರೆ ಸಾಕು. ಎಂಟು ನಿಮಿಷದ ಸ್ಕ್ಯಾನ್‌ನಲ್ಲೇ ಸರಿಯಾಗಿ ಬಂತು, 7,000ದಲ್ಲಿ ಮುಗಿಯಿತು. ಹಾಗಾಗಿ ಫಾಸ್ಟ್ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಮೇಡಂಗೆ ಐದು, ಮೊದಲ ರಿಪೋರ್ಟ್‌ಗೆ ಒಂದು.

ಹೋಗುವವರಿಗೆ ಎರಡು ಮಾತು. ಚಾನೆಲ್ ಒಳಗಿನ ಪುಡಿ, ಕೂಲಂಟ್ ಪೂರ್ತಿ ಊದಿ ತೆಗೆದು ಒಯ್ಯಿರಿ, ಉಳಿದ ಪುಡಿ ಗೋಡೆಗೆ ಅಂಟಿಕೊಂಡಿದ್ದರೆ ಅದನ್ನೂ ಒರಟು ಅಂತಲೇ ಲೆಕ್ಕ ಹಾಕುತ್ತದೆ, ನಮ್ಮ ಎರಡನೇ ಲಾಟ್‌ನಲ್ಲಿ ಒಂದು ಜಾಬ್ ಹಾಗೇ ಫೇಲ್ ಆಗಿ ವಾಪಸ್ ಬಂತು. ಡೇಟಾ ಬೇಕಾದರೆ ಸಣ್ಣ ಪೆನ್ ಡ್ರೈವ್ ಸಾಕಾಗುವುದಿಲ್ಲ, ಒಂದು ಸ್ಕ್ಯಾನ್ 16 ಜಿಬಿ, ಹಾರ್ಡ್ ಡಿಸ್ಕ್ ಇಟ್ಟುಕೊಳ್ಳಿ. ಶನಿವಾರ ಮಧ್ಯಾಹ್ನದ ಮೇಲೆ ಗೇಟ್ ಹಾಕಿರುತ್ತಾರೆ, ಮೇಡಂ ಇದ್ದಾರಾ ಅಂತ ಫೋನ್ ಮಾಡಿಯೇ ಹೊರಡಿ.